ರೆಸೊಲ್ಯೂಟಿಗೆ ಒಂದೂವರೆ ಗಂಟೆ

ವಿಮಾನದ ರೆಕ್ಕೆಯ ತುದಿ ಎಲ್ಲಿ ಹೋಯಿತು, ಈಗ ತಾನೇ ಇತ್ತಲ್ಲ, ಕೆಂಪು ತುದಿ, ಬಿಳಿಯೊಳಗೆ ಕರಗಿಹೋಯಿತು, ಮೇಲೂ ಬಿಳಿ, ಕೆಳಗೂ ಬಿಳಿ, ಅದು ಹೆಪ್ಪುಗಟ್ಟಿದ ಸಮುದ್ರವೋ ಮೋಡವೋ, ನೋಡಬಾರದು, ಸಿಯಾಸಿಯ ಕಡೆ ನೋಡಬೇಕು, ನನ್ನ ಮಗಳು, ಸ್ಟ್ರೆಚರಿನ ಮೇಲೆ ಪಟ್ಟಿ ಬಿಗಿಸಿಕೊಂಡು ಮಲಗಿದ್ದಾಳೆ, ಎಂಟನೇ ತಿಂಗಳಿಗೇ ನೋವು ಶುರುವಾಗಿಬಿಟ್ಟಿದೆ, ಉತ್ತರ ಧ್ರುವದ ಕಡೆಯ ನಮ್ಮ ಪುಟ್ಟ ಊರು ಗ್ರೀಸ್ ಫಿಯರ್ಡಿನಲ್ಲಿ ಡಾಕ್ಟರಿಲ್ಲ, ರೆಸೊಲ್ಯೂಟ್ ಊರಿಗೆ ಹೋಗಿ ಅಲ್ಲಿಂದ ಆಸ್ಪತ್ರೆಗೆ ದೊಡ್ಡ ವಿಮಾನ ಹಿಡಿಯಬೇಕು — ಮುನ್ನೂರ ಎಂಬತ್ತೈದು ಕಿಲೋಮೀಟರು ಅಷ್ಟೇ ಅಮ್ಮಾ, ಒಂದೂವರೆ ಗಂಟೆ, ಒಂದು ಸಿನಿಮಾದಷ್ಟೂ ಇಲ್ಲ, ಎಂದಿದ್ದ ಪೈಲಟ್ ರೆಜಾನ್, ನಗುತ್ತಾ, ಈಗ ಅವನ ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿದೆ, ಬೆವರಿದೆ, ಇಷ್ಟು ಚಳಿಯಲ್ಲಿ ಯಾಕೆ ಬೆವರಬೇಕು, ಅಪ್ಪ ದೂರವನ್ನು ನಿದ್ದೆಗಳಲ್ಲಿ ಎಣಿಸುತ್ತಿದ್ದರು, ನಾಯಿಗಳ ಜಾರುಬಂಡಿಯಲ್ಲಿ ಇಷ್ಟು ರಾತ್ರಿ, ಇಷ್ಟು ನಿದ್ದೆ ದೂರ ಎಂದು, ಅಂಥದೊಂದು ದಾರಿಯಲ್ಲೇ ಅಮ್ಮ ನನ್ನ ಅಣ್ಣನನ್ನು ಹೆತ್ತಳಂತೆ, ಮುಂದಿನ ನಿದ್ದೆಯಿಂದ ಎದ್ದಾಗ ಅವನಲ್ಲಿ ಉಸಿರಿರಲಿಲ್ಲ, ಅಪ್ಪ ಅವನ ಮೇಲೆ ಕಲ್ಲು ಪೇರಿಸಿ ಮುಂದೆ ಹೊರಟರಂತೆ, ಛೆ, ಇದೆಲ್ಲ ಈಗ ಯಾಕೆ ನೆನಪಾಗಬೇಕು — ಅಮ್ಮಾ, ಹೆರೋಳು ನಾನು, ನಡುಗ್ತಿರೋಳು ನೀನು, ಎನ್ನುತ್ತಾಳೆ ಸಿಯಾಸಿ, ನಗಲು ಹೋಗಿ ಹಲ್ಲು ಕಚ್ಚುತ್ತಾಳೆ, ನನ್ನ ಬೆರಳುಗಳನ್ನು ಮುರಿಯುವಂತೆ ಹಿಡಿಯುತ್ತಾಳೆ.

ರೆಜಾನ್ ತಿರುಗಿ ಕೂಗುತ್ತಿದ್ದಾನೆ, ಎದುರುಗಾಳಿ ಜೋರಿದೆ, ರೆಸೊಲ್ಯೂಟಲ್ಲಿ ರನ್‌ವೇ ಕಾಣ್ತಾ ಇಲ್ವಂತೆ, ವಾಪಸ್ ಹೋಗೋದಾದ್ರೆ ಈಗ್ಲೇ ಹೇಳಿ, ಆಮೇಲೆ ಇಂಧನ ಸಾಲಲ್ಲ, ಅಲ್ಲಿ ಇಳಿಯೋಕಾಗದಿದ್ರೆ — ಮತ್ತೆ ಮುಂದಕ್ಕೆ ತಿರುಗಿದ, ನರ್ಸ್ ಮೊರಾಗ್ ನನ್ನ ಮುಖ ನೋಡುತ್ತಾಳೆ, ನನ್ನದೇಕೆ, ಓದಿದವಳು ನೀನಲ್ಲವೇ ತಾಯಿ, ಹಿಂದೆ ಹೋದರೆ ನಮ್ಮೂರಲ್ಲಿ ನರ್ಸಿನ ಅದೇ ಪುಟ್ಟ ಕೋಣೆ, ಒಂದು ಆಮ್ಲಜನಕದ ಸಿಲಿಂಡರು, ಮುಂದೆ ಹೋದರೆ ಬಿಳಿ, ಬರೀ ಬಿಳಿ, ಮೊರಾಗ್ ನನ್ನ ಕಿವಿಯ ಹತ್ತಿರ ಬಾಯಿಟ್ಟು, ಉಲಾಯು ಅವರೇ, ಮಗು ಅಡ್ಡ ಇಲ್ಲ, ತಲೆ ಕೆಳಗಿದೆ, ಆದ್ರೆ ತುಂಬಾ ಚಿಕ್ಕದು, ನಮ್ಮೂರಲ್ಲಿ ಉಳಿಸೋದು ಕಷ್ಟ, ಎನ್ನುತ್ತಾಳೆ, ಮುಂದೆ ಹೋಗು, ಯಾರು ಹೇಳಿದ್ದು, ನಾನೇ, ನನ್ನದೇ ಗಂಟಲು, ಮುಂದೆ ಹೋಗಪ್ಪಾ.

ಹೋದೆವು, ಹೋಗುತ್ತಿದ್ದೇವೆ, ವಿಮಾನ ಒಮ್ಮೆ ಬಾವಿಗೆ ಬಿದ್ದಂತೆ ಕುಸಿಯುತ್ತದೆ, ಸಿಯಾಸಿ ಕಿರುಚುತ್ತಾಳೆ, ಎಂಜಿನ್ನಿನ ಅಬ್ಬರದಲ್ಲಿ ಅದೂ ಕೇಳುವುದಿಲ್ಲ, ಮೊರಾಗ್‌ಳ ಕೈ, ರಕ್ತ, ಬಟ್ಟೆ, ಅಮ್ಮಾ ಹಿಡ್ಕೋ ಹಿಡ್ಕೋ, ಆಮೇಲೆ ನೀಲಿಗಟ್ಟಿದ ಒಂದು ಹಿಡಿ ಜೀವ, ಹೆಣ್ಣು, ಮೊರಾಗ್ ಬೆನ್ನು ಉಜ್ಜುತ್ತಾಳೆ, ಬಾಯಿ ಒರೆಸುತ್ತಾಳೆ, ಮತ್ತೆ ಉಜ್ಜುತ್ತಾಳೆ, ಬಾಯಿ ತೆರೆಯಿತು, ಸದ್ದಿಲ್ಲ, ಅಳುತ್ತಿದೆಯೋ ಉಸಿರಿಗೆ ಒದ್ದಾಡುತ್ತಿದೆಯೋ, ಕೇಳುವುದೇ ಇಲ್ಲವಲ್ಲ ಈ ಹಾಳು ಗದ್ದಲದಲ್ಲಿ, ಬಾಯಿ ಮುಚ್ಚಿತು, ಅಣ್ಣ ಹೀಗೇ ಮುಚ್ಚಿದನೇ, ತೆರೆ ಪುಟ್ಟೀ, ತೆರೆಯೇ, ಎದೆಗೆ ಒತ್ತಿಕೊಂಡೆ, ಅಂಗಿಯೊಳಗೆ, ಚರ್ಮಕ್ಕೆ ಚರ್ಮ, ಕೆಳಗೆ ಏನೋ ಬಡಿಯಿತು, ಜಲ್ಲಿಕಲ್ಲು, ಚಕ್ರ, ನೆಲ, ಬೆಳಕು ಎರಡು ಸಾಲಾಗಿ ಓಡಿತು, ರೆಜಾನ್ ತಲೆಯನ್ನು ಕೈಮೇಲೆ ಒರಗಿಸಿ ಕುಳಿತುಬಿಟ್ಟ, ಎಂಜಿನ್ ನಿಂತಿತು, ಬಾಗಿಲು ತೆರೆದು ಯಾರೋ ಒಳಬಂದರು, ಅಬ್ಬಾ ಏನು ಗಂಟಲಪ್ಪಾ ಈ ಪುಟ್ಟೀದು, ಹೊರಗಿನ ತನಕ ಕೇಳ್ತಿದೆ, ಎನ್ನುತ್ತಿದ್ದಾರೆ, ಸಿಯಾಸಿ ಅಳುತ್ತಾ ನಗುತ್ತಿದ್ದಾಳೆ, ಕೊಡಮ್ಮಾ, ಕೊಡು ಅವಳನ್ನ, ಎಲ್ಲರಿಗೂ ಅವಳ ಅಳು ಕೇಳುತ್ತಿದೆ, ನನ್ನ ಕಿವಿಯಲ್ಲಿ ಮಾತ್ರ ಅದರ ಜಾಗದಲ್ಲಿ ಇನ್ನೂ ಎಂಜಿನ್ನು, ಕೈ ಸಡಿಲವಾಗುತ್ತಿಲ್ಲ, ಕಣ್ಣೆದುರು ಆ ಬಾಯಿ, ತೆರೆದು, ಸದ್ದಿಲ್ಲದೆ, ಬಾಯಿ, ತೆರೆದ ಬಾಯಿ —