ಯುಗಾದಿ ದಿನ ಆಡಿದ ಮಾತು

ಝಿಪ್ಪು ಎನ್ನುವ ಪದ ಬಾಯಿಗೆ ಬರಲೇ ಇಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದಲ್ಲಿ ಮಷಿನ್ ಮುಂದೆ ಕೂತೇ ಕೂದಲು ನೆರೆಸಿಕೊಂಡು, ಈಗ ಇಡೀ ಸಾಲಿಗೆ ಸೂಪರ್‌ವೈಸರ್ ಆಗಿದ್ದ ವೀರಭದ್ರಮ್ಮ, ಕೈಯಲ್ಲಿ ಅದನ್ನೇ ಹಿಡಿದುಕೊಂಡು “ಇದು… ಇದು ಸೊಟ್ಟ ಕುಂತೈತಿ, ಬಿಚ್ಚು” ಎಂದು ತೊದಲಿದಳು.

“ಯಾವ್ದಕ್ಕಾ?” ಎಂದು ಹುಡುಗಿಯರು ಕಿಸಕ್ಕನೆ ನಕ್ಕರು.

ಪ್ಯಾಂಟನ್ನು ಮೇಜಿನ ಮೇಲೆ ಬಿಸಾಡಿ ಹೊರಗೆ ನಡೆದಳು. ನಕ್ಕವರ ಮೇಲೂ ಸಿಟ್ಟು, ತನ್ನ ತಲೆಯ ಮೇಲೂ ಸಿಟ್ಟು.

ಇದೊಂದೇ ಆಗಿದ್ದರೆ ಬಿಡಬಹುದಿತ್ತು. ಕುಕ್ಕರ್ ಇಟ್ಟಿದ್ದು ಮರೆತು ತಳ ಸೀದಿತ್ತು. ಇಳಿಯಬೇಕಾದ ಸ್ಟಾಪು ದಾಟಿ ಹೋಗಿ ವಾಪಸು ನಡೆದು ಬಂದಿದ್ದಳು. ಅವಳಿಗಿನ್ನೂ ಐವತ್ತು ತುಂಬಿರಲಿಲ್ಲ. ಆದರೆ ತನ್ನ ಚಿಗವ್ವ ಕೊನೆಗಾಲದಲ್ಲಿ ಹೆತ್ತ ಮಗನನ್ನೇ “ಯಾರಪ್ಪಾ ನೀನು?” ಎಂದು ಕೇಳಿದ್ದನ್ನು ಕಣ್ಣಾರೆ ಕಂಡವಳು. ಗಂಡ ದೊಡ್ಡಬಸವರಾಜ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವನಿಗೆ ಹೇಳಿದರೆ “ವಯಸ್ಸಾತು ಬಿಡು” ಎಂದು ಮಗ್ಗುಲು ಬದಲಿಸಿದ. ಕಡೆಗೆ ತಡೆಯಲಾರದೆ ತಮ್ಮನ ಹೆಂಡತಿ ಸೌಂದರ್ಯಳಿಗೆ ಫೋನು ಮಾಡಿ ಎಲ್ಲ ಹೇಳಿಕೊಂಡು ಅತ್ತಳು. ಯಾರ ಮುಂದೂ ಆಡಬೇಡ ಎಂದು ಆಣೆ ಹಾಕಿಸಿಕೊಂಡಳು.

ವಾರ ಕಳೆಯುವುದರೊಳಗೆ ಕುರುಗೋಡಿನಿಂದ ತಮ್ಮ ಚನ್ನಬಸವರಾಜನ ಫೋನು ಬಂತು. ತೀರಿಹೋದ ಅವ್ವನ ಮನೆಯನ್ನು ಕೆಡವಿ ಮಳಿಗೆ ಕಟ್ಟಿಸುತ್ತಾನಂತೆ. ಅಕ್ಕ ಬಂದು, ತನ್ನ ಪಾಲು ಬಿಟ್ಟುಕೊಟ್ಟಿದ್ದೇನೆಂದು ಸಹಿ ಹಾಕಬೇಕಂತೆ.

“ಬಿಟ್ಟುಕೊಡ್ತೀನಿ ಅಂತ ನಾ ಯಾವಾಗ ಅಂದೆ?”

“ಉಗಾದಿ ದಿನ, ನಮ್ಮನಿ ಪಡಸಾಲ್ಯಾಗ ಕುಂತು ನೀನ ಅಂದಿ. ನನಗ್ಯಾಕಪ್ಪ, ನೀನ ಇಟ್ಕೋ ಅಂದಿ. ಮರ್ತಿ ಏನಕ್ಕಾ?”

ಯುಗಾದಿಗೆ ಹೋಗಿದ್ದು ಖರೆ. ಬೇವು ಬೆಲ್ಲ ತಿಂದಿದ್ದು, ಊಟವಾದ ಮೇಲೆ ಪಡಸಾಲೆಯಲ್ಲಿ ತಮ್ಮನ ಪಕ್ಕ ಕೂತಿದ್ದು ನೆನಪಿತ್ತು. ಆಡಿದ ಮಾತು ಮಾತ್ರ ಎಷ್ಟು ಕೆದಕಿದರೂ ಸಿಗಲಿಲ್ಲ. ಅಂದೆನೇ? ಅಂದು ಮರೆತೆನೇ?

ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ತಾಳ್ಮೆಯಿಂದ ಕೇಳಿದಳು. “ಮುಟ್ಟು ನಿಲ್ಲೋ ವಯಸ್ಸಿನಾಗ ಹಿಂಗಾಗೋದು ಐತ್ರಿ. ನಿದ್ದಿ ಕೆಟ್ರೂ ಆಗ್ತೈತಿ, ಥೈರಾಯ್ಡ್ ಇದ್ರೂ ಆಗ್ತೈತಿ. ರಕ್ತ ಕೊಟ್ಟು ಹೋಗ್ರಿ, ನೋಡೋಣು.”

“ಆಡಿದ ಮಾತ ಪೂರಾ ಅಳಿಸಿ ಹೋಗ್ತೈತೇನ್ರಿ?”

“ನೀವು ಆಡಿದ್ರೋ ಇಲ್ಲೋ ನಾ ಹೆಂಗ ಹೇಳ್ಲಿ, ಅಮ್ಮ?”

ವಾರದ ರಜೆಯ ದಿನ ಕುರುಗೋಡಿಗೆ ಹೋದಾಗ ಪಡಸಾಲೆಯಲ್ಲಿ ಆಸ್ತಿ ಪತ್ರ ಬರೆಯುವ ಜಂಬಣ್ಣ ಪೆನ್ನು ಬಿಚ್ಚಿಟ್ಟುಕೊಂಡೇ ಕೂತಿದ್ದ. ಸೌಂದರ್ಯ ಚಹಾ ತಂದುಕೊಟ್ಟಳು.

“ನಾ ಹಂಗ ಅಂದಿದ್ದು ನನಗ ನೆನಪಿಲ್ಲ” ಎಂದಳು ವೀರಭದ್ರಮ್ಮ.

ಚನ್ನಬಸವರಾಜ ಜಂಬಣ್ಣನ ಕಡೆ ಬಾಗಿದ. “ಅಕ್ಕಗ ಈಗೀಗ ಮರುವು ಬಾಳ ಆಗೈತ್ರಿ. ಒಲಿ ಮ್ಯಾಲ ಕುಕ್ಕರ್ ಇಟ್ಟಿದ್ದೂ ನೆನಪಿರಂಗಿಲ್ಲ, ಪಾಪ.”

ಕುಕ್ಕರಿನ ಮಾತು ಇವನಿಗೆ ಹೇಗೆ ಗೊತ್ತು? ವೀರಭದ್ರಮ್ಮ ಸೌಂದರ್ಯಳ ಮುಖ ನೋಡಿದಳು. ಆಕೆ ತಲೆ ತಗ್ಗಿಸಿ ಒಳಗೆ ಸರಿದಳು. ವೀರಭದ್ರಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರಿತು.

“ಪಾಪ ಅನಬ್ಯಾಡ ನನಗ!” ಲೋಟವನ್ನು ಕುಕ್ಕಿದ ರಭಸಕ್ಕೆ ಚಹಾ ಚೆಲ್ಲಿ ಚಾಪೆ ತೋಯಿತು. “ನಿನ್ನ ಬಗಲಾಗ ಹೊತ್ತು ತಿರುಗಿದಾಕಿ ನಾನು. ನಿನ್ನ ಹೆಣ್ತಿ ಮುಂದ ಅತ್ತಿದ್ದನ್ನ ತಂದು ಹೊರಗಿನವ್ರ ಮುಂದ ಇಡ್ತೀಯೇನಲೇ?”

“ನೀ ಅಂದಿದ್ದು ಖರೇ ಅಕ್ಕಾ. ಬಸವಣ್ಣನ ಆಣಿ.”

ಅವನ ಕಣ್ಣು ಅತ್ತಿತ್ತ ಸರಿಯಲಿಲ್ಲ. ಸುಳ್ಳೋ ಖರೆಯೋ ಅವಳಿಗೆ ಗುರುತು ಹತ್ತಲಿಲ್ಲ. ಅದಕ್ಕೂ ಸಿಟ್ಟು ಬಂತು.

“ಅಂದಿರಬೌದು. ಅಂದಿರಲಿಕ್ಕಿಲ್ಲ. ಉಗಾದಿ ದಿನ ಏನ ಅಂದಿದ್ರೂ ಇವತ್ತು ಒಲ್ಲೆ ಅಂತೀನಿ, ಕೇಳ್ಕೋ. ಜಂಬಣ್ಣಾ, ತಲಿ ನೆಟ್ಟಗಿಲ್ದಾಕಿ ಸಹಿ ನಡೀತೈತೇನ್ರಿ?”

ಜಂಬಣ್ಣ ಪೆನ್ನಿಗೆ ಮುಚ್ಚಳ ಹಾಕಿದ. “ಇನ್ನೊಮ್ಮಿ ಬರ್ತೀನಿ, ಚನ್ನಬಸಣ್ಣ” ಎಂದು ಎದ್ದ.

ಬಳ್ಳಾರಿಯ ಬಸ್ಸು ಹತ್ತಿ ಕೂತಳು. ಅಷ್ಟರಲ್ಲಿ ಸಿರುಗುಪ್ಪದಿಂದ ಗಂಡನ ಫೋನು. “ನಿನ್ನ ತಮ್ಮ ಫೋನ್ ಮಾಡಿದ್ದ. ಏನಾಗೈತಿ ನಿನಗ?”

“ಏನಾಗೈತಿ ಅಂತ ತಿಂಗಳಿಂದ ಬಡ್ಕೊಂಡೆ. ಆವಾಗ ಕೇಳ್ಲಿಲ್ಲ. ನಾಳಿ ರಿಪೋರ್ಟ್ ಬರ್ತೈತಿ, ರಜಾ ಹಾಕಿ ಬರ್ರಿ. ಡಾಕ್ಟರ್ ಮುಂದ ನಾ ಮಾತಾಡ್ತೀನಿ, ನೀವು ಸುಮ್ನ ಕುಂತು ಕೇಳ್ರಿ.”

ಅವನು ಬಂದ, ಸುಮ್ಮನೆ ಕೂತು ಕೇಳಿದ. ಥೈರಾಯ್ಡ್ ಇತ್ತು. ಮಾತ್ರೆ ಶುರುವಾಯಿತು. ಮರೆವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಯುಗಾದಿಯ ಮಾತಂತೂ ನೆನಪಾಗಲೇ ಇಲ್ಲ. ಪಂಚಮಿ ಹಬ್ಬಕ್ಕೆ ತವರಿನಿಂದ ಕರೆ ಬರಲಿಲ್ಲ. ಬಂದಿದ್ದರೂ ಅವಳು ಹೋಗುತ್ತಿರಲಿಲ್ಲ.