ಅಬುನಮ್ಮ

ಮೂರು ಅಕ್ಷರಕ್ಕೂ ಒಂದೇ ಮೈ, ಬಾಲ ಮಾತ್ರ ಬೇರೆ. ね ನೆ, れ ರೆ, わ ವ. ತವರೂರು ಕೊತ್ತತ್ತಿಯ ಬಸ್ಸಿನ ಕುಲುಕಾಟದಲ್ಲಿ ಅರುಂಧತಿ ತೊಡೆಯ ಮೇಲಿನ ನೋಟುಬುಕ್ಕಿನಲ್ಲಿ ಬರೆಯುತ್ತಲೇ ಇದ್ದಳು. ಬಸ್ಸು ಹಾರಿದಾಗ ನೆ ಹೋಗಿ ರೆ ಆಯಿತು. ಹೊಡೆದುಹಾಕಿ ಮತ್ತೆ ಬರೆದಳು.

ಮಂಡ್ಯದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ, ನಲವತ್ಮೂರು ದಾಟಿದ ಹೆಂಗಸು ಜಪಾನಿನ ಹಿರಗಾನ ಲಿಪಿ ಯಾಕೆ ಕಲಿಯಬೇಕು? ಗಂಡ ರವಿಚಂದ್ರನಿಗೆ ‘ಮರೆವು ಬರದ ಹಾಗೆ’ ಎಂದಿದ್ದಳು. ಸ್ಟಾಫ್ ರೂಮಿನಲ್ಲಿ ‘ಸುಮ್ಮನೆ’ ಎಂದಿದ್ದಳು. ಎರಡೂ ಸುಳ್ಳು.

ಏಳನೆಯ ವಯಸ್ಸಿನಿಂದ ಅವಳು ಓದು ಬಾರದ ಕೇರಿಯ ಕಣ್ಣಾಗಿದ್ದಳು. ಪೆನ್ಶನ್ನಿನ ಕಾಗದ, ಕೋರ್ಟಿನ ನೋಟೀಸು, ಆಸ್ಪತ್ರೆಯ ಚೀಟಿ. ಓದಿ ಮುಗಿಸುವತನಕ ಹತ್ತು ಮುಖಗಳು ಉಸಿರು ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದವು. ಈಗ ಅವಳಿಗೆ ಯಾರೂ ಕಾಯದ ಅಕ್ಷರಗಳು ಬೇಕಾಗಿದ್ದವು. ಅರ್ಥ ಬೇಡ. ಒಂದು ಪದವನ್ನೂ ಕಲಿತಿರಲಿಲ್ಲ. ತಿಂಗಳು ಮುಗಿಯುವುದರೊಳಗೆ ನಲವತ್ತಾರೂ ಕೈಗೆ ಬರಬೇಕು, ಅಷ್ಟೆ.

ಬಸ್ಸಿಳಿದರೆ ತಮ್ಮ ಅಂಬರೀಶ್ ನಿಂತಿದ್ದ.

“ಅಕ್ಕಾ, ಮನೆಗೆ ಆಮೇಲೆ ಓಗವ. ನಿಂಗಯ್ಯನೋರು ಕರೀತಾವ್ರೆ.”

“ಯಾಕೆ?”

“ಬಾ ಅಂದ್ರೆ.”

ದಾರಿಯಲ್ಲಿ ತಿಳಿಯಿತು. ಊರಿನ ಜಮೀನ್ದಾರ ನಿಂಗಯ್ಯ ಭತ್ತ ಕೊಯ್ಯುವ ಮಷೀನು ತಂದಿದ್ದಾನೆ, ಜಪಾನಿನಲ್ಲಿ ಓಡಿ ಹಳೆಯದಾದದ್ದು. ಓಡಿಸುವ ಕೆಲಸ ಅಂಬರೀಶನಿಗೆ, ಇವತ್ತೇ ಮಧ್ಯಾಹ್ನ ಗದ್ದೆಗೆ ಇಳಿಸಬೇಕು. ಅದರ ಮೈಮೇಲಿನ ಬರಹ ಯಾರಿಗೂ ತಿಳಿಯದು. ‘ನಮ್ಮಕ್ಕ ಓದ್ತಳೆ’ ಎಂದು ಇವನು ಹೇಳಿಬಿಟ್ಟಿದ್ದ.

ನಿಂಗಯ್ಯನ ಅಂಗಳದಲ್ಲಿ ಏಳೆಂಟು ಜನ, ಎಲ್ಲರ ಕೈಯಲ್ಲೂ ಸ್ಟೀಲ್ ಲೋಟ. ಅವಳಿಗೂ ಅಂಬರೀಶನಿಗೂ ಕಾಫಿ ಪೇಪರ್ ಕಪ್ಪಿನಲ್ಲಿ ಬಂತು. ಕಪ್ಪಿನ ಮೇಲೆ ಗುಲಾಬಿಯ ಚಿತ್ರವಿತ್ತು. ಕುಡಿದಳು.

ಕೊಯ್ಯುವ ಅಲಗುಗಳ ಮೇಲ್ಗಡೆ ಒಂದು ಹಳದಿ ಚೀಟಿ. ಅದರ ಕೆಳಗಿನ ಚಿತ್ರ ಕಿತ್ತುಹೋಗಿತ್ತು. ಉಳಿದದ್ದು ನಾಲ್ಕು ಅಕ್ಷರ: あぶない. ಪುಸ್ತಕದ ಹೊರಗೆ ಅವು ಸಿಕ್ಕಿದ್ದು ಇದೇ ಮೊದಲು.

“ಅ... ಬು... ನ... ಇ. ಅಬುನಯಿ.”

“ಓದ್ಬುಟ್ಲು ಕಣ್ಲಾ ಚೌಡಯ್ಯನ ಮಗ್ಳು!” ಯಾರೋ ಅಂದರು.

“ಅಂಗಂದ್ರೇನಮ್ಮ?” ನಿಂಗಯ್ಯ ಕೇಳಿದ.

ಎಲ್ಲರೂ ಅವಳ ಬಾಯನ್ನೇ ನೋಡಿದರು. ಇದೇ ಅಂಗಳದಲ್ಲಿ ಅಪ್ಪ ಆಯಸ್ಸಿಡೀ ‘ನಂಗೊತ್ತಿಲ್ಲ ಬುದ್ಧಿ’ ಎಂದು ತಲೆ ಕೆರೆದುಕೊಂಡು ನಿಂತವನು. ಆ ಮಾತು ಗಂಟಲಿಗೆ ಬಂತು. ನುಂಗಿಕೊಂಡಳು.

“ಹೆಸರು. ಮಷೀನಿನ ಹೆಸರು.”

ನಿಂಗಯ್ಯನ ಹೆಂಡತಿ ಹೊಂಬಾಳಮ್ಮ ಕೈಮುಗಿದಳು. “ಅಬುನಮ್ಮ! ನಮ್ ಪಟ್ಟಲಮ್ಮನ ತಂಗಿ ಇದ್ದಂಗದೆ ಕಣಮ್ಮ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ತನಗೇ ಆಶ್ಚರ್ಯವಾಯಿತು.

ತಮ್ಮನ ಮನೆಯಲ್ಲಿ ಉಂಡು ಮೂರು ಗಂಟೆಗೆ ಬಸ್ ಸ್ಟಾಪಿಗೆ ಬಂದಳು. ಬಸ್ಸಿರಲಿಲ್ಲ. ಫೋನಿನಲ್ಲಿ ಅನುವಾದದ ಪುಟ ತೆಗೆದು ನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಒತ್ತಿದಳು. ಕೆಳಗೆ ಕನ್ನಡದಲ್ಲಿ ಒಂದೇ ಪದ ಮೂಡಿತು.

ಅಪಾಯ.

ಬಸ್ಸು ಬಂತು. ಕಂಡಕ್ಟರು ಕೂಗಿದ. ಅವಳು ಹತ್ತಲಿಲ್ಲ. ನಾಲೆಯ ಏರಿಯ ಮೇಲೆ ನಿಂಗಯ್ಯನ ಗದ್ದೆಯ ಕಡೆಗೆ ನಡೆದಳು. ಮೊದಮೊದಲು ಬಿರಬಿರನೆ ನಡೆದವಳು ಆಮೇಲೆ ಸೆರಗು ಬಿಗಿದು ಓಡಿದಳು. ಹೇಳಬೇಕಾದ ಮಾತನ್ನು ಅಕ್ಷರ ತಿದ್ದುವ ಹಾಗೆ ಮತ್ತೆ ಮತ್ತೆ ಹೇಳಿಕೊಂಡಳು: ನನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ.

ಗದ್ದೆಯ ಬದುವಿನ ಮೇಲೆ ಪೂಜೆ ಮುಗಿದಿತ್ತು. ಮಷೀನಿಗೆ ಚೆಂಡುಹೂವಿನ ಹಾರ. ಹಳದಿ ಚೀಟಿಯ ಮೇಲೆ ಕುಂಕುಮದ ಮೂರು ಬೊಟ್ಟು. ಸೀಟಿನಲ್ಲಿ ಅಂಬರೀಶ್.

“ನಾನು ಸುಳ್ಳು ಹೇಳ್ದೆ,” ಅಂದಳು, ಎಲ್ಲರಿಗೂ ಕೇಳುವ ಹಾಗೆ. “ನಂಗೆ ಗೊತ್ತಿರಲಿಲ್ಲ. ಅದು ಹೆಸರಲ್ಲ. ಅಪಾಯ ಅಂತ ಬರೆದಿದೆ.”

ನಿಂಗಯ್ಯ ಅವಳನ್ನು ಕರುಣೆಯಿಂದ ನೋಡಿದ. “ಬೆಳಗ್ಗೆ ಒಂದು ಏಳ್ತೀಯ, ಮಧ್ಯಾನ ಒಂದು ಏಳ್ತೀಯ. ಯಾವ್ದಮ್ಮ ನಂಬದು?”

“ಇದನ್ನ.”

“ಪೂಜೆ ಒತ್ನಲ್ಲಿ ಅಪಸಕುನ ಆಡ್ಬ್ಯಾಡ ಬುಡವ್ವ,” ಹೊಂಬಾಳಮ್ಮ ಮುಖ ತಿರುಗಿಸಿದಳು.

ಅರುಂಧತಿ ಬ್ಯಾಗಿನಿಂದ ಮಾರ್ಕರ್ ಪೆನ್ನು ತೆಗೆದಳು. ಕನ್ನಡದಲ್ಲಿ ಬರೆದುಬಿಟ್ಟರೆ ಆಯಿತು. ದಪ್ಪಗೆ ಬರೆದರೆ ಯಾರೂ ಓದಿ ಹೇಳಬೇಕಾಗಿಲ್ಲ. ಹಾರವನ್ನು ದಾಟಿ ಕೈ ಚಾಚಿದಳು.

“ಅಕ್ಕಾ, ಮುಟ್ಬ್ಯಾಡ.”

ತಲೆ ಎತ್ತಿದಳು. ಹೇಳಿದ್ದು ಅಂಬರೀಶ್. ಅವನು ಅವಳ ಮುಖ ನೋಡುತ್ತಿರಲಿಲ್ಲ.

“ಪೂಜೆ ಆಗೋಯ್ತು,” ಅಂದ. ಕೀ ತಿರುಗಿಸಿದ.

ಮಷೀನು ಮೈ ನಡುಗಿಸಿತು. ಚೀಟಿಯಿಂದ ಗೇಣು ದೂರದಲ್ಲಿ ಅವಳ ಕೈ ನಿಂತಿತ್ತು. ಕುಂಕುಮದ ಅಡಿಯಲ್ಲಿ ಅಕ್ಷರಗಳು ಅದುರಿದವು, ಒಂದು ಎರಡಾಗಿ ಕಂಡಿತು, ಆಮೇಲೆ ಒಂದರೊಳಗೊಂದು ಕಲಸಿಹೋಗಿ ಯಾವುದು ಯಾವುದೆಂದು ತಿಳಿಯದ ಕಪ್ಪು ಗೆರೆಯಾದವು. ಅವಳು ಮಾರ್ಕರ್ ಹಿಡಿದ ಕೈ ಇಳಿಸಲಿಲ್ಲ.