ಬಿಸಿ ನೆಲದ ಕೋಣೆ

ಕಾರಿನ ಬಾಗಿಲು ತೆರೆಯಲು ಯೊನ್ಜುಗೆ ಎರಡೂ ಕೈ ಬೇಕಾದವು. ಅತ್ತೆ ಅಂಗಳದಲ್ಲಿ ನಿಂತು ಇತ್ತಲೇ ನೋಡುತ್ತಿದ್ದರು. ಅದು ಅವರಿಗೆ ಕಂಡಿತೋ ಇಲ್ಲವೋ ತಿಳಿಯಲಿಲ್ಲ. ಎಂಟು ವರ್ಷದ ಹೇರಿನ್ ಏನೂ ಆಗದವಳಂತೆ ಅಮ್ಮನ ಚೀಲವನ್ನು ತಾನೇ ಎತ್ತಿಕೊಂಡು ಅಜ್ಜಿಯ ಕಡೆ ಓಡಿದಳು. ಹೀಗೆ ಏನೂ ಆಗದವಳಂತೆ ಇರುವುದನ್ನು ಆ ಮಗುವಿಗೆ ಕಲಿಸಿದವಳು ತಾನೇ ಎಂಬುದು ನೆನಪಾಗಿ ಯೊನ್ಜುಗೆ ಎದೆಯಲ್ಲಿ ಚುಚ್ಚಿದಂತಾಯಿತು.

ನವೆಂಬರ್ ಕೊನೆಯ ಶನಿವಾರ, ಮೂರು ಮನೆಗೆ ಚಳಿಗಾಲ ಕಳೆಯುವಷ್ಟು ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿ ಹಾಕುವ ದಿನ. ಅತ್ತೆ ಹಿಂದಿನ ದಿನವೇ ನೂರಿಪ್ಪತ್ತು ಕೋಸು ಸೀಳಿ ಉಪ್ಪುನೀರಲ್ಲಿ ಅದ್ದಿದ್ದರು. ಈಗ ಅವನ್ನು ತೊಳೆದು, ನೀರು ಬಸಿಯಲೆಂದು ಬೋರಲಾಗಿ ಗೋಪುರದಂತೆ ಪೇರಿಸಿದ್ದರು. ಯೊನ್ಜು ಆ ಗೋಪುರವನ್ನು ನೋಡಿದಳು, ತನ್ನ ಬೆರಳುಗಳನ್ನು ನೋಡಿಕೊಂಡಳು.

ಸಂಧಿವಾತ ಬಂದು ಮೂರು ವರ್ಷ. ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ತಗ್ಗಿಸಲು ಮಾತ್ರೆ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಲ್ಲಿ ಕೈ ಅದ್ದಿ ಒಂದೊಂದೇ ಬೆರಳು ಮಡಚಿ ಬಿಡಿಸುವುದು. ವಾರಕ್ಕೆ ಮೂರು ದಿನ ಈಜುಕೊಳದಲ್ಲಿ ಎಪ್ಪತ್ತು ದಾಟಿದ ಅಜ್ಜಿಯರ ಜೊತೆ ಎದೆಮಟ್ಟದ ನೀರಲ್ಲಿ ನಡೆಯುವುದು. "ನಡುಬೆರಳಿಂದು ಇವತ್ತು ಮುಷ್ಕರ, ಹೆಬ್ಬೆಟ್ಟು ಮಾತ್ರ ಕೆಲಸಕ್ಕೆ ಬಂದಿದೆ" ಎಂದು ಮಗಳನ್ನು ನಗಿಸುತ್ತ ಅವಳ ಜಡೆ ಹಾಕುವುದು. ಇಷ್ಟರಿಂದ ಬದುಕು ನಡೆಯುತ್ತಿತ್ತು. ಕೈ ಆಡುತ್ತಿರುವವರೆಗೆ ತಾನು ತಾನೇ ಎಂದು ಅವಳು ನಂಬಿದ್ದಳು.

ಅತ್ತೆಗೆ ಮಾತ್ರ ಹೇಳಿರಲಿಲ್ಲ. ಅತ್ತೆಯ ತಂಗಿಗೂ ಇದೇ ಕಾಯಿಲೆ ಇತ್ತು. ಅಂಗಳದಾಚೆಯ, ಅಡಿಯಿಂದ ಕಾಯಿಸಿದ ಬಿಸಿ ನೆಲದ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಮಲಗಿದ್ದು ತೀರಿಹೋದರು. ಹೊಸದಾಗಿ ಮದುವೆಯಾಗಿ ಬಂದಾಗ ಯೊನ್ಜು ಅವರ ಕೈ ಮುಟ್ಟಿ ನಮಸ್ಕರಿಸಿದ್ದಳು. ಬೆರಳುಗಳು ಒಂದರ ಮೇಲೊಂದು ಮಲಗಿದ್ದವು. ವಿಷಯ ತಿಳಿದರೆ ಅತ್ತೆ ತನ್ನನ್ನೂ ಆ ಕೋಣೆಯಲ್ಲಿ ಕೂರಿಸುತ್ತಾರೆ, ಒಮ್ಮೆ ಕೂತರೆ ಮತ್ತೆ ಏಳುವುದಿಲ್ಲ. ಈ ಹೆದರಿಕೆ ಅವಳಿಗೆ ಕಾಯಿಲೆಗಿಂತ ದೊಡ್ಡದಾಗಿತ್ತು.

ಎರಡು ಅಳತೆ ದೊಡ್ಡದಾದ ರಬ್ಬರ್ ಕೈಗವಸು ತೊಟ್ಟು ಅವಳು ಮಸಾಲೆ ಸವರುವವರ ಸಾಲಿನಲ್ಲಿ ಕೂತಳು. ಮೆಣಸಿನಪುಡಿ, ಮೂಲಂಗಿ, ಉಪ್ಪುಮೀನಿನ ರಸ ಬೆರೆಸಿದ ಕೆಂಪು ಮಸಾಲೆಯನ್ನು ಎಲೆ ಎಲೆಗೂ ಸವರಿ, ಹೊರಗಿನ ಎಲೆಯಿಂದ ಬಿಗಿಯಾಗಿ ಸುತ್ತಿ ಡಬ್ಬಿಗೆ ಇಳಿಸಬೇಕು. ಸುತ್ತುವಾಗಲೇ ಪ್ರಾಣ ಹೋಗುತ್ತಿತ್ತು.

"ಏನು ಹೇರಿನ್ ಅಮ್ಮಾ, ಕೋಸನ್ನ ಮದುಮಗಳ ಹಾಗೆ ಸಿಂಗರಿಸ್ತಾ ಕೂತಿದ್ದೀಯಲ್ಲ?" ಎಂದಳು ಹಿರಿಯ ವಾರಗಿತ್ತಿ ಮಿಯೊಕ್.

"ನೀವು ಸುತ್ತಿದ್ದು ಬಸ್ಸು ಹಿಡಿಯೋಕೆ ಓಡ್ತಿರೋ ಮದುಮಗಳ ಹಾಗಿದೆ, ಅಕ್ಕ."

ಎಲ್ಲರೂ ನಕ್ಕರು. ಡಬ್ಬಿ ಹೊರುತ್ತಿದ್ದ ಗಂಡ ಸಂಗ್ಯು ಮಾತ್ರ ನಗದೆ, ಸಾಕಾ ಎಂದು ಕಣ್ಣಲ್ಲೇ ಕೇಳಿದ. ಅವಳು ಮುಖ ತಿರುಗಿಸಿದಳು.

ಮಧ್ಯಾಹ್ನದ ಹೊತ್ತಿಗೆ ಬೇಯಿಸಿದ ಹಂದಿಮಾಂಸ ಬಂತು, ಜೊತೆಗೆ ಬೋಗುಣಿ ತುಂಬ ಹಸಿ ಚಿಪ್ಪುಮೀನು. ಯೊನ್ಜು ಬೋಗುಣಿಯಿಂದ ದೂರ ಸರಿದು ಕೂತಳು. ಕಾಯಿಲೆ ಬಂದ ಮೊದಲ ವರ್ಷ ಹೊಟ್ಟೆ ಸರಿಯಿಲ್ಲ ಎಂದು ತಪ್ಪಿಸಿಕೊಂಡಿದ್ದಳು. ಕಳೆದ ವರ್ಷ ಅಡುಗೆಮನೆಯಲ್ಲಿ ಅವಿತಿದ್ದಳು. ಈ ಮಾತ್ರೆ ತಿನ್ನುವವರೆಗೆ ಹಸಿ ಚಿಪ್ಪುಮೀನು ಬಾಯಿಗಿಡಬೇಡಿ ಎಂದು ಡಾಕ್ಟರು ಗದರಿಯೇ ಹೇಳಿದ್ದರು: "ಬೇರೆಯವರಿಗೆ ಹೊಟ್ಟೆನೋವು ಬಂದು ಹೋಗುತ್ತೆ. ನಿಮಗೆ ಅದರ ಸೋಂಕು ರಕ್ತಕ್ಕಿಳಿದರೆ ಜೀವ ಹೋಗೋಕೆ ಎರಡು ದಿನ ಸಾಕು."

ಅತ್ತೆ ಹಳದಿ ಎಳೆ ಎಲೆಯೊಂದನ್ನು ಕಿತ್ತು, ಅದರ ಮೇಲೆ ಮಾಂಸ, ಮಸಾಲೆ, ಎರಡು ದಪ್ಪ ಚಿಪ್ಪುಮೀನು ಇಟ್ಟು ಸುತ್ತಿದರು. ಮೊದಲ ತುತ್ತನ್ನು ಅತ್ತೆ ತಮ್ಮ ಕೈಯಾರೆ ಸೊಸೆಯ ಬಾಯಿಗಿಡುವುದು ಆ ಮನೆಯ ಪದ್ಧತಿ. ಬಾಯಿಯವರೆಗೆ ಬಂದ ಆ ತುತ್ತನ್ನು ಬೇಡ ಎಂದವರು ಯಾರೂ ಇರಲಿಲ್ಲ.

"ಹೋದ ವರ್ಷ ತಪ್ಪಿಸ್ಕೊಂಡೆ ನೀನು. ಆ ಅನ್ನು, ಮಗು."

ತಿಂದುಬಿಡೋಣ, ಒಂದೇ ತುತ್ತು, ತಿಂದವರಿಗೆಲ್ಲ ಏನಾದರೂ ಆಗಿಯೇ ಬಿಡುವುದಿಲ್ಲವಲ್ಲ. ಯೊನ್ಜು ಬಾಯಿ ತೆರೆದಳು. ತಣ್ಣಗಿನದೇನೋ ತುಟಿಗೆ ತಾಗಿತು. ಆಗ ಅತ್ತೆಯ ಭುಜದಾಚೆ ಹೇರಿನ್ ಕಂಡಳು. ಕೈಯಲ್ಲಿ ಮೂಲಂಗಿ ಹಿಡಿದು ನಿಂತಿದ್ದ ಮಗುವಿನ ಮುಖ ಸುಣ್ಣದಂತಾಗಿತ್ತು. ಅಮ್ಮನ ಗುಟ್ಟು ಹೊರಬೀಳದಿರಲೆಂದು ಎರಡೂ ತುಟಿಗಳನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಕಣ್ಣು ಮಾತ್ರ ತುಂಬಿ ತುಳುಕುತ್ತಿತ್ತು.

ಯೊನ್ಜು ಮುಖ ಹಿಂದಕ್ಕೆಳೆದುಕೊಂಡಳು.

"ಬೇಡ ಅತ್ತೆ. ನಾನು ತಿನ್ನಬಾರದು."

"ಓಹೋ! ಎರಡನೇದು ಬರ್ತಿದ್ಯಾ?" ಮಿಯೊಕ್ ಕೂಗಿದಳು.

"ಇಲ್ಲ ಅಕ್ಕ."

ಅವಳು ಹಲ್ಲಲ್ಲಿ ಕಚ್ಚಿ ಕೈಗವಸು ಎಳೆದಳು. ಕೆಂಪಗೆ ಊದಿದ ಗೆಣ್ಣುಗಳು ಹೊರಬಂದವು. "ಮೂರು ವರ್ಷ ಆಯ್ತು, ಅತ್ತೆ. ನಿಮ್ಮ ತಂಗಿಗಿದ್ದ ಕಾಯಿಲೆನೇ."

ತುತ್ತು ಅತ್ತೆಯ ಕೈಯಿಂದ ಮಸಾಲೆಯ ಬಾನಿಗೆ ಬಿತ್ತು.

"ಏಳು" ಎಂದರು ಅತ್ತೆ.

"ಇನ್ನೂ ಅರ್ಧ ಉಳಿದಿದೆ, ಅತ್ತೆ—"

"ಏಳು ಅಂದೆ!"

"ಅಮ್ಮಾ, ಸ್ವಲ್ಪ ಕೇಳು" ಎಂದ ಸಂಗ್ಯು.

"ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದವನು ಈಗೇನು ಹೇಳ್ತೀಯಾ?"

ಅತ್ತೆ ಮೊಣಕೈ ಹಿಡಿದು ಅವಳನ್ನು ಆ ಕೋಣೆಗೇ ಕರೆದೊಯ್ದರು. ಹಾಸಿಗೆ ಬಿಡಿಸಿ ಕೂರಿಸಿ, ಕತ್ತಿನವರೆಗೆ ರಜಾಯಿ ಎಳೆದು, ಎರಡೂ ಕೈಗಳನ್ನು ಒಳಗೆ ಸೇರಿಸಿ ಒತ್ತಿದರು. "ಅಲ್ಲಾಡಬೇಡ." ಬಾಗಿಲು ಮುಚ್ಚಿತು.

ನೆಲ ಹಿತವಾಗಿ ಕಾದಿತ್ತು. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಅದೇ ಅವಳನ್ನು ಹೆದರಿಸಿತು. ಮೈ ಒಳಗಿಂದಲೇ ಇಲ್ಲೇ ಇರು, ಇಲ್ಲೇ ಇರು ಎನ್ನುತ್ತಿತ್ತು. ಹೊರಗೆ ಬಾನಿ ಎಳೆಯುವ ಸದ್ದು, ಮಿಯೊಕ್ ಏನೋ ಪಿಸುಗುಟ್ಟುವುದು ಕೇಳಿಸುತ್ತಿತ್ತು. ತಾನಿಲ್ಲದೆಯೂ ಕೆಲಸ ಸಾಗುತ್ತಿತ್ತು. ಬೆನ್ನೊರಗಿಸಲು ಹೊರಳಿದಾಗ ಗೋಡೆಯ ಕಾಗದ ಒಂದು ಕಡೆ ಸವೆದು ಎಣ್ಣೆಗಪ್ಪಾಗಿರುವುದು ಕಂಡಿತು. ಒಂದು ತಲೆ ಹತ್ತೊಂಬತ್ತು ವರ್ಷ ಒರಗಿದ್ದ ಜಾಗ. ಅವಳ ತಲೆಗೂ ಸರಿಯಾಗಿ ಅಷ್ಟೇ ಎತ್ತರ.

ಅವಳು ರಜಾಯಿಯೊಳಗೆ ಮುಷ್ಟಿ ಕಟ್ಟಲು ನೋಡಿದಳು. ಬೆರಳು ಮಡಚಲಿಲ್ಲ. ಮತ್ತೆ ನೋಡಿದಳು. ಇಲ್ಲ. ಮೊಣಕೈ ಊರಿ, ಮಂಡಿ ಎಳೆದು ಹೇಗೋ ಎದ್ದಳು. ಮಣಿಕಟ್ಟಿನಿಂದ ಬಾಗಿಲು ತಳ್ಳಿದಳು.

ಅತ್ತೆ ಸಾಲಿಗೆ ಹೋಗಿರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೈಗವಸು ತೆಗೆದಿಟ್ಟು ಒಬ್ಬರೇ ಕೂತಿದ್ದರು.

"ಯಾಕೆ ಎದ್ದೆ?"

"ಕೂತ್ರೆ ಕೈ ಕಟ್ಟಿಹೋಗುತ್ತೆ, ಅತ್ತೆ. ಭಾರ ಎತ್ತಬಾರದು, ಆದ್ರೆ ಆಡಿಸ್ತಾ ಇರ್ಬೇಕು ಅಂತ ಡಾಕ್ಟರು ಹೇಳಿದ್ದಾರೆ. ಅಲ್ಲಿ ಕೂರಿಸ್ಬೇಡಿ. ನನಗೆ ಆ ಕೋಣೆ ಕಂಡ್ರೆ ಭಯ."

ಅತ್ತೆ ತಮ್ಮ ಅಂಗೈಯನ್ನು ನೋಡಿಕೊಂಡರು.

"ಅವಳಿಗೂ ಒಬ್ಬ ಡಾಕ್ಟರು ಹಾಗೇ ಹೇಳಿದ್ದ. ನಾನು ಬಿಡ್ಲಿಲ್ಲ. ಒಂದು ಚಮಚ ತೊಳೀತೀನಿ ಅಕ್ಕಾ ಅಂತ ಬಂದ್ರೂ ಕಿತ್ಕೊಂಡು ಮಲಗಿಸ್ತಿದ್ದೆ. ಅಕ್ಕರೆ ಅಂದ್ಕೊಂಡಿದ್ದೆ."

"ಆಗ ಈಗಿನ ಮಾತ್ರೆ ಇರ್ಲಿಲ್ಲ, ಅತ್ತೆ. ನೀವೇನು ಮಾಡೋಕಾಗ್ತಿತ್ತು?"

"ಮಾತ್ರೆ ಇರ್ಲಿಲ್ಲ. ಚಮಚ ಇತ್ತಲ್ಲ."

ಮೂಗೊರೆಸಿಕೊಂಡು ಎದ್ದು, ಅತ್ತೆ ಬಿಸಿನೀರಿನ ಬೋಗುಣಿ ತಂದಿಟ್ಟರು. ಯೊನ್ಜು ಅದರಲ್ಲಿ ಕೈ ಅದ್ದಿದಳು. ಹೇರಿನ್ ಬಂದು ಪಕ್ಕದಲ್ಲಿ ಕೂತು, ಯಾರಿಗೂ ಹೆದರದೆ, ಅಮ್ಮನ ಬೆರಳುಗಳನ್ನು ಒಂದೊಂದಾಗಿ ಮಡಚತೊಡಗಿದಳು. ಅಜ್ಜಿ ಅದನ್ನು ನೋಡಿ, "ಇವಳಿಗೂ ಗೊತ್ತಿತ್ತು. ನಾಯಿಗೂ ಗೊತ್ತಿರ್ಬೇಕು. ನನಗೊಬ್ಬಳಿಗೆ ಗೊತ್ತಿಲ್ಲ" ಎಂದು ಗೊಣಗಿದರು. ಮಿಯೊಕ್ ನಗಬಹುದೋ ಬಾರದೋ ತಿಳಿಯದೆ ಕೆಮ್ಮಿದಳು.

ಸಾಲಿನಲ್ಲಿ ಅವಳ ಜಾಗ ಹಾಗೇ ಖಾಲಿ ಇತ್ತು. ಯೊನ್ಜು ಹೋಗಿ ಕೂತಳು. ಅತ್ತೆ ಪಕ್ಕದಲ್ಲೇ ಬಂದು ಕೂತು ಅವಳ ಮುಂದೆ ಸಣ್ಣ ಕೋಸುಗಳನ್ನಷ್ಟೇ ಇಡತೊಡಗಿದರು. ತಮ್ಮ ಕೈ ಮಸಾಲೆ ಸವರುತ್ತಿದ್ದರೂ ಅವರ ಕಣ್ಣು ಸೊಸೆಯ ಬೆರಳು ಬಿಟ್ಟು ಕದಲಲಿಲ್ಲ. ಆ ನೋಟದಲ್ಲಿ ತನ್ನ ಹೆದರಿಕೆಯನ್ನೇ ಯೊನ್ಜು ಕಂಡಳು. ಇನ್ನು ಅದು ಇಬ್ಬರದು.

"ನೋವಾದ್ರೆ ಹೇಳ್ಬೇಕು."

"ಈಗ್ಲೇ ಆಗ್ತಿದೆ."

ಅತ್ತೆಯ ಕೈ ನಿಂತಿತು. "ಎಷ್ಟು?"

ಯೊನ್ಜು ಯೋಚಿಸಿದಳು. ಈ ಸಲ ಸುಳ್ಳು ಹೇಳಲಿಲ್ಲ. "ಇನ್ನು ನಾಲ್ಕು ಕೋಸಿನ ತನಕ ತಡ್ಕೋಬಹುದು. ಆಮೇಲೆ ಎದ್ದು ಅಂಗಳ ಒಂದು ಸುತ್ತು ಬರ್ತೀನಿ."

ಅತ್ತೆ ನಾಲ್ಕು ಕೋಸು ಎಣಿಸಿ ಅವಳ ಮುಂದಿಟ್ಟರು. ಸ್ವಲ್ಪ ಹೊತ್ತು ನೋಡಿ, ಒಂದನ್ನು ವಾಪಸ್ ತೆಗೆದುಕೊಂಡರು.

"ಮೂರು" ಎಂದರು.